ಇಂಟರ್ನೆಟ್‌ಗೆ ಎಷ್ಟು ಹುಟ್ಟುಹಬ್ಬ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಕಂಪ್ಯೂಟರ್ ಲ್ಯಾಬಿನ ಹೊರಗೆ ಒಂದು ಬೋರ್ಡ್ ಇದೆ. ತಂತ್ರಜ್ಞಾನದ ಚರಿತ್ರೆಯಲ್ಲಿ ‘ಈ ದಿನ’ ಏನಾಯಿತು ಅಂತ ಅದರ ಮೇಲೆ ಮಕ್ಕಳಿಂದಲೇ ಬರೆಸಲು ಶುರು ಮಾಡಿದೆ. ಶುರುವಲ್ಲೇ ಗೊಂದಲ. ಇಂಟರ್ನೆಟ್ ಹುಟ್ಟಿದ್ದು ಒಂದು ಕಡೆ 1969 ಅಂತಿದೆ, ಇನ್ನೊಂದು ಕಡೆ 1983. ಮಕ್ಕಳು 1991 ಅಂತ ಹುಡುಕಿ ತರುತ್ತಾರೆ. ಮೊದಲ ಕಂಪ್ಯೂಟರ್‌ದೂ ಇದೇ ಕಥೆ. ಯಾವುದನ್ನು ಬರೆಸಲಿ? ಇನ್ನೊಂದು ಮಾತು ಸರ್, ಎಲ್ಲಾ ಅಮೆರಿಕ, ಇಂಗ್ಲೆಂಡಿನದೇ ಆಯಿತು. ನಮ್ಮ ರಾಯಚೂರು ಕಡೆಯ ತಾರೀಖು ಒಂದಾದರೂ ಇದೆಯಾ?

ಉತ್ತರ: ಮೇಡಂ, ನೀವು ಹೇಳಿದ ಮೂರು ಇಸವಿಗಳೂ ಸರಿಯೇ. ಒಂದು ಮನೆಯ ವಯಸ್ಸನ್ನು ಗುದ್ದಲಿ ಪೂಜೆಯಿಂದ ಎಣಿಸಬೇಕೋ, ಗೃಹಪ್ರವೇಶದಿಂದಲೋ? ಇಲ್ಲಿಯೂ ತಕರಾರು ಅದೇ. ಯಾರೋ ಕಾಗದದ ಮೇಲೆ ಬರೆದ ದಿನ ಒಂದು. ಯಂತ್ರ ಮೊದಲ ಸಲ ಓಡಿದ ದಿನ ಇನ್ನೊಂದು. ಪತ್ರಿಕೆಯವರನ್ನು ಕರೆದು ತೋರಿಸಿದ ದಿನ ಮತ್ತೊಂದು. ಜನರ ಕೈಗೆ ಸಿಕ್ಕಿದ ದಿನ ಬೇರೆಯೇ. ಹಾಗಾಗಿ ಬೋರ್ಡಿನ ಮೇಲೆ ‘ಹುಟ್ಟಿತು’ ಅಂತ ಬರೆಸಲೇಬೇಡಿ. ಆ ದಿನ ಯಾರು, ಎಲ್ಲಿ, ಏನು ಮಾಡಿದರು ಅಂತ ಒಂದೇ ಸಾಲು ಬರೆಸಿ. ಆ ಸಾಲು ಬರೆಯಲು ಬರದಿದ್ದರೆ ಆ ತಾರೀಖೇ ಬೇಡ. ಈ ಒಂದು ಜರಡಿ ಹಿಡಿದರೆ ಅರ್ಧಕ್ಕರ್ಧ ಗೊಂದಲ ಕೆಳಗೆ ಬೀಳುತ್ತದೆ.

ಇಂಟರ್ನೆಟ್‌ನಿಂದಲೇ ಶುರು ಮಾಡೋಣ. 1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಅನ್ನುವ ವಿದ್ಯಾರ್ಥಿ ಕಂಪ್ಯೂಟರ್ ಮುಂದೆ ಕೂತಿದ್ದ. ಸುಮಾರು 560 ಕಿ.ಮೀ. ಆಚೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಬಿಲ್ ಡುವಾಲ್ ಇನ್ನೊಂದು ಕಂಪ್ಯೂಟರ್ ಮುಂದೆ. ಇಬ್ಬರ ನಡುವೆ ಫೋನಿನಲ್ಲೂ ಮಾತು ನಡೆದಿತ್ತು. ಕ್ಲೈನ್ ಇಂಗ್ಲಿಷಿನಲ್ಲಿ ‘ಲಾಗಿನ್’ ಅಂತ ಟೈಪ್ ಮಾಡಬೇಕಿತ್ತು. ಎಲ್ ಒತ್ತಿದ, ಬಂತಾ ಅಂತ ಕೇಳಿದ. ಬಂತು. ಓ ಒತ್ತಿದ. ಅದೂ ಬಂತು. ಜಿ ಒತ್ತಿದ್ದೇ ತಡ, ಆ ಕಡೆಯ ಯಂತ್ರ ಕೈಕೊಟ್ಟಿತು. ರಿಪೇರಿ ಮಾಡಿ, ಸುಮಾರು ಒಂದು ಗಂಟೆಯ ನಂತರ ಪೂರ್ತಿ ಲಾಗಿನ್ ಮಾಡಿದರು. ಅಂದರೆ ಈ ಕಂಪ್ಯೂಟರುಗಳನ್ನು ಜೋಡಿಸಿದ ಆರ್ಪಾನೆಟ್ ಅನ್ನುವ ಜಾಲದ ಮೇಲೆ ಹೋದ ಮೊದಲ ಸಂದೇಶ ಎರಡೇ ಅಕ್ಷರ.

ಅವರ ಲಾಗ್ ಪುಸ್ತಕದಲ್ಲಿ ವೇಳೆ 22:30 ಅಂತ ಕೈಬರಹದಲ್ಲಿದೆ. ಕ್ಯಾಲಿಫೋರ್ನಿಯಾ ಆ ವಾರ ಗ್ರೀನಿಚ್‌ಗಿಂತ 8 ಗಂಟೆ ಹಿಂದಿತ್ತು, ನಾವು ಐದೂವರೆ ಗಂಟೆ ಮುಂದೆ. ಲೆಕ್ಕ ಹಾಕಿದರೆ ಸಿಂಧನೂರಿನಲ್ಲಿ ಆಗ ಅಕ್ಟೋಬರ್ 30, ಮಧ್ಯಾಹ್ನ ಸರಿಯಾಗಿ 12 ಗಂಟೆ. ನಿಮ್ಮ ಬೋರ್ಡಿನ ಮೇಲೆ 30 ಅಂತ ಬರೆಸಿದರೂ ಯಾರೂ ಕೇಳುವ ಹಾಗಿಲ್ಲ. ಎಂಟನೇ ಕ್ಲಾಸಿನವರಿಗೆ ಈ ಲೆಕ್ಕ ಕೊಡಿ, ರೇಖಾಂಶದ ಪಾಠವೂ ಆಗುತ್ತದೆ.

ಆದರೆ ಆರ್ಪಾನೆಟ್ ಅಂದರೆ ಒಂದೇ ಒಂದು ಜಾಲ. ಬೇರೆ ಬೇರೆ ಜಾಲಗಳು ಒಂದಕ್ಕೊಂದು ಮಾತಾಡಬೇಕಾದರೆ ಎಲ್ಲರೂ ಒಪ್ಪುವ ನಿಯಮ ಬೇಕು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅಂಥ ನಿಯಮ ರೂಪಿಸಿದರು. ಅದೇ ಟಿಸಿಪಿ/ಐಪಿ. 1983ರ ಜನವರಿ 1ರಂದು ಆರ್ಪಾನೆಟ್ ತನ್ನ ಹಳೆಯ ನಿಯಮ ಕೈಬಿಟ್ಟು ಇದಕ್ಕೆ ಬದಲಾಯಿತು. ಇವತ್ತು ನಿಮ್ಮ ಕೈಲಿರುವ ಫೋನ್ ಮಾತಾಡುವುದೂ ಅದೇ ನಿಯಮದಲ್ಲಿ. ಇಂಟರ್ನೆಟ್‌ಗೆ ಒಂದೇ ತಾರೀಖು ಹೇಳಿ ಅಂತ ಪಟ್ಟು ಹಿಡಿದರೆ ನಾನು ಹೇಳುವುದು ಇದನ್ನೇ. ಕಥೆ ಮಾತ್ರ 1969ರದ್ದೇ ಚೆಂದ, ಅದರಲ್ಲಿ ಅನುಮಾನವಿಲ್ಲ.

ಮಕ್ಕಳು ತಂದ 1991 ಇಂಟರ್ನೆಟ್‌ದಲ್ಲ, ವೆಬ್‌ದು. ಅಂದರೆ ಇಂಟರ್ನೆಟ್ ಮೇಲೆ ಓಡುವ ಪುಟಗಳು ಮತ್ತು ಲಿಂಕುಗಳ ವ್ಯವಸ್ಥೆ. ಅದಕ್ಕೂ ಮೂರು ತಾರೀಖುಗಳಿವೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಒಂದು ಪ್ರಸ್ತಾವ ಬರೆದುಕೊಟ್ಟರು. ಅವರ ಮೇಲಧಿಕಾರಿ ಅದರ ಮೇಲೆ ‘ಅಸ್ಪಷ್ಟ, ಆದರೆ ಕುತೂಹಲ ಹುಟ್ಟಿಸುತ್ತದೆ’ ಅನ್ನುವ ಅರ್ಥದ ಷರಾ ಗೀಚಿದ್ದರು. 1991ರ ಆಗಸ್ಟ್ 6ರಂದು ಬರ್ನರ್ಸ್-ಲೀ ಹೊರಗಿನವರಿಗೂ ವಿಷಯ ತಿಳಿಸಿ, ಬೇಕಾದವರು ಬಳಸಿ ನೋಡಿ ಅಂದರು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಅಂತ ಘೋಷಿಸಿತು. ಮೂರರಲ್ಲಿ ದೊಡ್ಡದು ಈ ಕೊನೆಯದು. ಆಗ ಬಳಕೆಗೆ ಶುಲ್ಕ ಇಟ್ಟಿದ್ದರೆ ವೆಬ್ ಇಷ್ಟು ಹರಡುತ್ತಿರಲಿಲ್ಲ. ಆದರೆ ಏಪ್ರಿಲ್ 30ಕ್ಕೆ ನಮ್ಮಲ್ಲಿ ಬೇಸಿಗೆ ರಜೆ. ಹೀಗಾಗಿ ಶಾಲೆಗೆ ಆಗಸ್ಟ್ 6 ಸಾಕು.

ಇನ್ನು ಮೊದಲ ಕಂಪ್ಯೂಟರ್. ಇದು ಕೋರ್ಟ್ ಮೆಟ್ಟಿಲು ಹತ್ತಿದ ಜಗಳ. ಫಿಲಡೆಲ್ಫಿಯಾದ ಎನಿಯಾಕ್‌ಗೆ ಇದ್ದ ಪೇಟೆಂಟನ್ನು 1973ರ ಅಕ್ಟೋಬರ್ 19ರಂದು ಅಮೆರಿಕದ ನ್ಯಾಯಾಧೀಶರೊಬ್ಬರು ರದ್ದು ಮಾಡಿದರು. ಎನಿಯಾಕ್ ಯಂತ್ರಕ್ಕೂ ಮೊದಲು ಅಟನಾಸಾಫ್ ಅನ್ನುವವರು ಇಂಥದ್ದೇ ಕೆಲಸ ಮಾಡಿದ್ದರು ಅನ್ನುವುದು ತೀರ್ಪಿನ ಒಂದು ಕಾರಣ. ಜರ್ಮನಿಯವರನ್ನು ಕೇಳಿದರೆ ಕೊನ್ರಾಡ್ ಟ್ಸೂಸೆ 1941ರ ಮೇ 12ರಂದು ಬರ್ಲಿನ್‌ನಲ್ಲಿ ತೋರಿಸಿದ ಯಂತ್ರವೇ ಮೊದಲನೆಯದು ಅಂತಾರೆ. ಇಂಗ್ಲೆಂಡಿನವರು ಯುದ್ಧಕಾಲದ ಗುಪ್ತ ಯಂತ್ರ ಕೊಲೊಸಸ್ ಹೆಸರು ತೆಗೆಯುತ್ತಾರೆ. ‘ಮೊದಲ’ ಅನ್ನುವುದರ ಹಿಂದೆ ‘ವಿದ್ಯುತ್ತಿನ’, ‘ಪೂರ್ಣ ಎಲೆಕ್ಟ್ರಾನಿಕ್’, ‘ಯಾವ ಲೆಕ್ಕಕ್ಕೂ ಬಗ್ಗುವ’ ಅಂತ ಒಂದೊಂದು ವಿಶೇಷಣ ಸೇರಿಸುತ್ತಾ ಹೋದರೆ ಎಲ್ಲರಿಗೂ ಒಂದೊಂದು ಬಹುಮಾನ ಸಿಗುತ್ತದೆ. ಮಕ್ಕಳ ಮುಂದೆ ಈ ಪಂಚಾಯ್ತಿ ಬೇಡ. ಎರಡು ದಿನ ಸಾಕು.

ಒಂದು, ಫೆಬ್ರುವರಿ 14. 1946ರ ಆ ದಿನ ಎನಿಯಾಕ್ ಬಗ್ಗೆ ಜಗತ್ತಿಗೆ ತಿಳಿಯಿತು. ಸುಮಾರು 18,000 ನಿರ್ವಾತ ಕೊಳವೆ, 30 ಟನ್ ತೂಕ, ಸೆಕೆಂಡಿಗೆ 5,000 ಕೂಡುವ ಲೆಕ್ಕ. ನಿಜವಾಗಿ ಅದು 1945ರ ಡಿಸೆಂಬರ್‌ನಲ್ಲೇ ಕೆಲಸಕ್ಕೆ ಇಳಿದಿತ್ತು, ಸುದ್ದಿ ಮಾತ್ರ ತಡ. ಫೆಬ್ರುವರಿ 14 ಅಂದ ಕೂಡಲೇ ಹತ್ತನೇ ಕ್ಲಾಸಿನವರು ಮುಸಿಮುಸಿ ನಗುತ್ತಾರೆ, ನಗಲಿ. ಅವರಿಗೆ ಹೇಳಬೇಕಾದ್ದು ಬೇರೆ ಇದೆ. ಆ ಯಂತ್ರಕ್ಕೆ ಲೆಕ್ಕ ಮಾಡುವುದನ್ನು ಕಲಿಸಿದವರು ಆರು ಜನ ಹೆಣ್ಣುಮಕ್ಕಳು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಆಗ ಕೀಬೋರ್ಡಿನಲ್ಲಿ ಪ್ರೋಗ್ರಾಂ ಬರೆಯುವುದು ಅಂತ ಇರಲಿಲ್ಲ. ಕೋಣೆ ತುಂಬ ಇದ್ದ ಪ್ಯಾನೆಲ್‌ಗಳ ನಡುವೆ ತಂತಿ ಸಿಕ್ಕಿಸಿ, ಸ್ವಿಚ್ಚು ತಿರುಗಿಸಿ ಲೆಕ್ಕ ಹೂಡಬೇಕಿತ್ತು. ಪ್ರದರ್ಶನದ ದಿನ ಅವರು ಹೂಡಿದ ಲೆಕ್ಕ ನೋಡಿ ಎಲ್ಲರೂ ಬೆರಗಾದರು. ಸಂಜೆಯ ಔತಣಕ್ಕೆ ಮಾತ್ರ ಅವರನ್ನು ಕರೆಯಲಿಲ್ಲ. ನಿಮ್ಮ ಲ್ಯಾಬಿನಲ್ಲಿ ಹುಡುಗರು ಕುರ್ಚಿ ಹಿಡಿದು ಹುಡುಗಿಯರು ಹಿಂದೆ ನಿಲ್ಲುವುದಿದ್ದರೆ, ಆ ದಿನ ಕುರ್ಚಿ ಬದಲಾಯಿಸಿ.

ಇನ್ನೊಂದು, ಜೂನ್ 21. ನನಗೆ ಎಲ್ಲಕ್ಕಿಂತ ಇಷ್ಟದ ತಾರೀಖು ಇದು. 1948ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ‘ಬೇಬಿ’ ಅನ್ನುವ ಯಂತ್ರ ತನ್ನ ನೆನಪಿನಲ್ಲೇ ಇಟ್ಟುಕೊಂಡ ಪ್ರೋಗ್ರಾಂ ಒಂದನ್ನು ಓಡಿಸಿತು. ಎನಿಯಾಕ್‌ನ ತಂತಿ ಸಿಕ್ಕಿಸುವ ಕೆಲಸ ಇಲ್ಲಿ ಇಲ್ಲ. ಇವತ್ತಿನ ಎಲ್ಲ ಕಂಪ್ಯೂಟರ್‌ಗಳೂ ಈ ದಾರಿಯವೇ. ಇದರ ನೆನಪು ಎಷ್ಟಿತ್ತು ಗೊತ್ತಾ? 1,024 ಬಿಟ್, ಅಂದರೆ ಅಷ್ಟೇ ಸೊನ್ನೆ-ಒಂದುಗಳು. ನಿಮ್ಮ ಬೋರ್ಡಿನ ಮೇಲೆ ಬರೆಯುವ ಎರಡು ಸಾಲು ಕನ್ನಡವೂ ಅದರಲ್ಲಿ ಹಿಡಿಸದು. ಟಾಮ್ ಕಿಲ್‌ಬರ್ನ್ ಬರೆದ ಪ್ರೋಗ್ರಾಂನಲ್ಲಿ 17 ಆದೇಶಗಳಿದ್ದವು. ಪ್ರಶ್ನೆ ಇದು: 262144 ಅನ್ನು ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಯಾವುದು? ಸಮಸಂಖ್ಯೆ ತಾನೇ, ಅರ್ಧ ಮಾಡಿದರೆ 131072 ಅಂತ ನಿಮ್ಮ ಮಕ್ಕಳು ಬಾಯಲ್ಲೇ ಹೇಳುತ್ತಾರೆ. ಬೇಬಿಗೆ ಆ ಜಾಣತನ ಹೇಳಿಕೊಟ್ಟಿರಲಿಲ್ಲ, ಬೇಕೆಂದೇ. 262143ರಿಂದ ಒಂದೊಂದೇ ಇಳಿಯುತ್ತಾ ಪ್ರತಿ ಸಂಖ್ಯೆಯನ್ನೂ ಪರೀಕ್ಷಿಸಬೇಕು. ಭಾಗಾಕಾರವೂ ಬರುತ್ತಿರಲಿಲ್ಲ, ಕಳೆಯುವುದನ್ನೇ ಮತ್ತೆ ಮತ್ತೆ ಮಾಡಬೇಕು. ಸುಮಾರು 35 ಲಕ್ಷ ಕ್ರಿಯೆ, 52 ನಿಮಿಷ, ಉತ್ತರ ಸರಿ. ಯಂತ್ರ ಅಷ್ಟು ಹೊತ್ತು ತಪ್ಪದೆ ಓಡುತ್ತದಾ ಅನ್ನುವುದೇ ಪರೀಕ್ಷೆಯಾಗಿತ್ತು. ಇದೇ ಪ್ರೋಗ್ರಾಂ ನಿಮ್ಮ ಲ್ಯಾಬಿನ ಹಳೇ ಕಂಪ್ಯೂಟರಿನಲ್ಲೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಮಾಡಿಸಿ ನೋಡಿ. ಅದೇ ದಿನ ಯೋಗ ದಿನಾಚರಣೆ ಇರುವುದರಿಂದ ಬೆಳಿಗ್ಗೆಯ ಪ್ರಾರ್ಥನೆ ಹೊತ್ತಲ್ಲಿ ಜಾಗ ಸಿಗಲ್ಲ. ಮಧ್ಯಾಹ್ನದ ಪಿರಿಯಡ್ ಇಟ್ಟುಕೊಳ್ಳಿ.

ಕಂಪ್ಯೂಟರಿನ ದೋಷಕ್ಕೆ ಇಂಗ್ಲಿಷಿನಲ್ಲಿ ‘ಬಗ್’, ಅಂದರೆ ಹುಳ, ಅಂತಾರಲ್ಲ, ಅದರ ಜೊತೆ ಹೇಳುವ ಸೆಪ್ಟೆಂಬರ್ 9ರ ದೀಪದ ಹುಳದ ಕಥೆಯನ್ನೂ ಮಕ್ಕಳು ತಂದೇ ತರುತ್ತಾರೆ. ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ 70ನೇ ರಿಲೇಯಲ್ಲಿ (ವಿದ್ಯುತ್ತಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚು) ಹುಳ ಸಿಕ್ಕಿಹಾಕಿಕೊಂಡಿತ್ತು. ಅದನ್ನು ತೆಗೆದು ಲಾಗ್ ಪುಸ್ತಕದಲ್ಲೇ ಟೇಪಿನಿಂದ ಅಂಟಿಸಿದರು. ಹುಳ ಈಗಲೂ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಇಸವಿ 1945 ಅಂತ ತುಂಬಾ ಕಡೆ ಅಚ್ಚಾಗಿದೆ, ಸರಿಯಾದದ್ದು 1947. ಆ ಯಂತ್ರದ ತಂಡದಲ್ಲಿದ್ದ ಗ್ರೇಸ್ ಹಾಪರ್ ಈ ಕಥೆಯನ್ನು ಊರೂರಿಗೆ ಹೇಳಿದವರು, ಹುಳ ಹಿಡಿದವರಲ್ಲ.

ಟ್ರಾನ್ಸಿಸ್ಟರ್‌ಗೆ ಡಿಸೆಂಬರ್ 16 ಬರೆಸಿ. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದು ಕೆಲಸ ಮಾಡಿದ ದಿನ ಅದು. 23 ಅಂತ ಕಂಡರೆ ಅದು ಮೇಲಿನವರಿಗೆ ತೋರಿಸಿದ ದಿನ.

ಈಗ ರಾಯಚೂರಿಗೆ ಬರೋಣ. ಇದೆಯಾ ಅಂತ ಕೇಳಿದಿರಿ. ಇದೆ, ಅದೂ ಸಣ್ಣದಲ್ಲ.

ಆಗಸ್ಟ್ 1. 1975ರ ಆ ದಿನ ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ‘ಸೈಟ್’ ಅನ್ನುವ ಪ್ರಯೋಗ ಶುರು ಮಾಡಿದವು. ಉಪಗ್ರಹದಿಂದ ನೇರವಾಗಿ ಹಳ್ಳಿಯ ಟಿವಿಗೆ ಕಾರ್ಯಕ್ರಮ. ಆರು ರಾಜ್ಯ, 20 ಜಿಲ್ಲೆ, ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ಮೂರೇ ಜಿಲ್ಲೆ: ರಾಯಚೂರು, ಗುಲ್ಬರ್ಗ, ಬಿಜಾಪುರ. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೇ ಇತ್ತು. ಮಳೆ ಕಡಿಮೆ, ಶಾಲೆ ಕಡಿಮೆ, ಸೌಕರ್ಯ ಕಡಿಮೆ ಅಂತಲೇ ನಮ್ಮನ್ನು ಆರಿಸಿದ್ದು. ಯಾವಾಗಲೂ ಹಿಂದುಳಿದವರ ಪಟ್ಟಿಯಲ್ಲಿರುವುದರಿಂದ ಒಂದು ಸಲವಾದರೂ ಲಾಭ ಆಯಿತು ಬಿಡಿ.

ಇದರ ತಂತ್ರವನ್ನು ಮಕ್ಕಳಿಗೆ ಚಿತ್ರ ಬರೆದು ತೋರಿಸಬಹುದು. ನಾಸಾದ ಎಟಿಎಸ್-6 ಉಪಗ್ರಹ ಸುಮಾರು 36,000 ಕಿ.ಮೀ. ಮೇಲಿತ್ತು. ಅದು ಆಕಾಶಕ್ಕೆ ಹೋದ ಮೇಲೆ ಕೊಡೆಯಂತೆ ಬಿಚ್ಚಿಕೊಂಡ ಅದರ ಆಂಟೆನಾ 9 ಮೀಟರ್ ಅಗಲ. ಮೇಲಿನ ಆಂಟೆನಾ ಅಷ್ಟು ದೊಡ್ಡದಿದ್ದದ್ದಕ್ಕೇ ಕೆಳಗಿನದು ಅಗ್ಗವಾಯಿತು. ಹಳ್ಳಿಯಲ್ಲಿ 3 ಮೀಟರ್‌ನ ಡಿಶ್ ಸಾಕಾಯಿತು. ಅದಕ್ಕೆ ಬಳಸಿದ್ದು ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿ. ಟಿವಿ ಪೆಟ್ಟಿಗೆ ಹೈದರಾಬಾದಿನ ಇಸಿಐಎಲ್‌ದು. ಕರೆಂಟಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ ಮೇಲೆ ಓಡಿಸಿದರು. ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಮುಂಜಾನೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಜೊತೆಗೆ ಒಂದಿಷ್ಟು ಹಾಡು-ಆಟ. ಮಾತು ಕನ್ನಡದಲ್ಲೇ. ಇದು 1976ರ ಜುಲೈ 31ರವರೆಗೆ ನಡೆಯಿತು. ಆಮೇಲೆ ಉಪಗ್ರಹ ವಾಪಸ್ ಹೋಯಿತು.

ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರ್ 1ಕ್ಕೆ. ಅಂದರೆ ರಾಯಚೂರು ಜಿಲ್ಲೆಯ ಹಳ್ಳಿಯ ಹುಡುಗ ಬೆಂಗಳೂರಿನ ಹುಡುಗನಿಗಿಂತ ಆರು ವರ್ಷ ಮೊದಲು ಟಿವಿ ನೋಡಿದ್ದ, ಅದೂ ಉಪಗ್ರಹದಿಂದ ನೇರವಾಗಿ! ಇದನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಸೈಟ್ ಟಿವಿ ಎಲ್ಲ ಊರಿಗೂ ಬಂದಿರಲಿಲ್ಲ. ಆದ್ದರಿಂದ ನಿಮ್ಮ ಮಕ್ಕಳಿಗೆ ಒಂದು ಕೆಲಸ ಕೊಡಿ. ಈಗ ಅರವತ್ತು ದಾಟಿದ ಅಜ್ಜ-ಅಜ್ಜಿಯರನ್ನು ಕೇಳಿ ಬರಲಿ: ನಿಮ್ಮೂರಿನ ಶಾಲೆಗೋ ಪಂಚಾಯ್ತಿ ಕಟ್ಟೆಗೋ ದೊಡ್ಡ ಜಾಲರಿ ಡಿಶ್ ಬಂದಿತ್ತಾ? ಎಲ್ಲಿ ಇಟ್ಟಿದ್ದರು? ಏನು ನೋಡಿದಿರಿ? ಆಮೇಲೆ ಆ ಪೆಟ್ಟಿಗೆ ಏನಾಯಿತು? ಹೇಳಿದ್ದನ್ನು ಹೇಳಿದ ಹಾಗೇ, ಊರಿನ ಹೆಸರಿನ ಸಮೇತ ಬರೆದುಕೊಳ್ಳಲಿ. ಈ ಕೆಲಸ ಮುಂದೆ ಹಾಕುವುದು ಬೇಡ. ಕೇಳಿದರೆ ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಾರೆ.

ರಾಯಚೂರಿನ ಇನ್ನೊಂದು ದಿನ ಡಿಸೆಂಬರ್ 31. ಕಂಪ್ಯೂಟರ್‌ದಲ್ಲ, ಕರೆಂಟಿನದು. 2013ರವರೆಗೆ ದಕ್ಷಿಣ ಭಾರತದ ವಿದ್ಯುತ್ ಜಾಲ ಬೇರೆ ತಾಳದಲ್ಲಿ ಓಡುತ್ತಿತ್ತು. ಎರಡೂ ಕಡೆ 50 ಹರ್ಟ್ಸ್ ಅಂತಲೇ ಹೆಸರು, ಆದರೆ ಕ್ಷಣಕ್ಷಣಕ್ಕೆ ಸ್ವಲ್ಪ ಹೆಚ್ಚು-ಕಡಿಮೆ. ಹಾಗಾಗಿ ಎಸಿ ತಂತಿಯಿಂದ ನೇರವಾಗಿ ಸೇರಿಸುವಂತಿರಲಿಲ್ಲ. ಡಿಸಿಗೆ ಬದಲಾಯಿಸಿ ದಾಟಿಸಬೇಕಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಚಾಲೂ ಆಯಿತು, ಇಡೀ ದೇಶ ಒಂದೇ ಜಾಲವಾಯಿತು. ಒಂದು ದೇಶ, ಒಂದು ಗ್ರಿಡ್ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದರ ಕೊನೆಯ ಕೊಂಡಿ ಬಿದ್ದಿದ್ದು ನಮ್ಮ ರಾಯಚೂರಿನಲ್ಲಿ. ಇಷ್ಟಾದರೂ ಲ್ಯಾಬಿಗೆ ಯುಪಿಎಸ್ ಬೇಕೇ ಬೇಕು, ಅದು ಬೇರೆ ಮಾತು.

ದೇಶದ ತಾರೀಖುಗಳಲ್ಲಿ ಆಗಸ್ಟ್ 15 ಬಿಡಬೇಡಿ. 1995ರ ಸ್ವಾತಂತ್ರ್ಯ ದಿನದಂದೇ ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು. ಅದಕ್ಕೆ ಎರಡು ವಾರ ಮೊದಲು, ಜುಲೈ 31ಕ್ಕೆ, ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತಾದಿಂದ ದೆಹಲಿಗೆ ಹೋಗಿತ್ತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮಾತಾಡಿದ್ದು ಕೇಂದ್ರ ಸಚಿವ ಸುಖ್ ರಾಮ್ ಜೊತೆ. ಯುಪಿಐಗೆ 2016ರ ಏಪ್ರಿಲ್ 11. ಅದೂ ರಜೆಗೆ ಬೀಳುವ ತಾರೀಖು.

ನವೆಂಬರ್ 1ಕ್ಕೆ ಕನ್ನಡದ ಸಂಗತಿ ಬರೆಸಿ, ಅದರ ತಾರೀಖೂ ಹತ್ತಿರದ ತಿಂಗಳಲ್ಲೇ ಇದೆ. 1991ರ ಅಕ್ಟೋಬರ್‌ನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಅಂಕಿ ಕೊಡುವ ಪಟ್ಟಿ ಇದು. ಅದರಲ್ಲೇ ಕನ್ನಡ ಇತ್ತು. ಕನ್ನಡಕ್ಕೆ ಕೊಟ್ಟ ಜಾಗ 3200ರಿಂದ 3327ರವರೆಗೆ, ಒಟ್ಟು 128 ಮನೆ. ಸ್ಪ್ರೆಡ್‌ಶೀಟ್‌ನಲ್ಲಿ ಯೂನಿಕೋಡ್ ಅನ್ನುವ ಫಾರ್ಮುಲಾ ಇದೆ. ಅದಕ್ಕೆ ‘ಕ’ ಕೊಟ್ಟರೆ 3221 ಅನ್ನುತ್ತದೆ. ‘ಕ್ಷ’ ಒಂದೇ ಅಕ್ಷರದಂತೆ ಕಂಡರೂ ಕಂಪ್ಯೂಟರ್‌ಗೆ ಅದು ಮೂರು: 3221, 3277, 3255. ಮಧ್ಯದ್ದು ಅಕ್ಷರದ ಸ್ವರ ತೆಗೆದು ಒತ್ತಕ್ಷರಕ್ಕೆ ದಾರಿ ಮಾಡುವ ಹಲಂತದ ಚಿಹ್ನೆ. ಮಕ್ಕಳು ತಮ್ಮ ತಮ್ಮ ಹೆಸರಿಗೆ ಎಷ್ಟು ಅಂಕಿ ಅಂತ ಎಣಿಸಲಿ. ‘ನುಡಿ’ ತಂತ್ರಾಂಶದಲ್ಲಿ ನೀವು ಬಳಸುವ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು ಅಂತಲೂ ಹೇಳಿ.

ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದದ್ದಕ್ಕೆ ಇಡೀ ರಾಜ್ಯಕ್ಕೆ ಒಂದೇ ದಿನ ಹುಡುಕಬೇಡಿ. 2001ರ ಆಸುಪಾಸಿನಲ್ಲಿ ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ದಿನ ಕೈಬರಹದ ಪಹಣಿ ನಿಂತಿತು. ಇಮೇಲ್‌ಗೂ ದಿನವಿಲ್ಲ. ರೇ ಟಾಮ್ಲಿನ್ಸನ್ 1971ರಲ್ಲಿ ಅಕ್ಕಪಕ್ಕದ ಎರಡು ಯಂತ್ರಗಳ ನಡುವೆ ಪರೀಕ್ಷೆಗೆ ಏನೋ ಕಳಿಸಿದರು. ಏನು ಕಳಿಸಿದೆ ಅನ್ನುವುದು ಅವರಿಗೇ ನೆನಪಿರಲಿಲ್ಲ. ಯಾರಾದರೂ ಇಮೇಲ್‌ಗೆ ದಿನ, ತಿಂಗಳು ಸಮೇತ ಹೇಳಿದರೆ ನಂಬಬೇಡಿ. ಎಸ್‌ಎಂಎಸ್‌ಗೆ ಉಂಟು: 1992ರ ಡಿಸೆಂಬರ್ 3.

ಕೊನೆಗೆ ಒಂದು ವಿಚಿತ್ರ ತಾರೀಖು. ಹಳೇ ಫೋಟೊ ಫೈಲ್ ಕೆಟ್ಟಾಗ ಫೋನಿನಲ್ಲಿ ‘1 ಜನವರಿ 1970, ಮುಂಜಾನೆ 5:30’ ಅಂತ ಕಾಣುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಆ ದಿನ ಏನೂ ನಡೆಯಲಿಲ್ಲ. ಕಂಪ್ಯೂಟರನ್ನು ನಡೆಸುವ ಯೂನಿಕ್ಸ್ ಅನ್ನುವ ವ್ಯವಸ್ಥೆ ಮಾಡಿದವರು ಎಣಿಕೆಗೆ ಎಲ್ಲಿಂದಾದರೂ ಶುರು ಬೇಕಲ್ಲ ಅಂತ ಆಮೇಲೆ ಸುಮ್ನೆ ಆರಿಸಿಕೊಂಡ ಕ್ಷಣ ಅದು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡು ಆಯಿತು ಅಂತ ಯಂತ್ರ ಎಣಿಸುತ್ತಾ ಇರುತ್ತದೆ. ಎಣಿಕೆ ಸೊನ್ನೆ ಆದರೆ ಗ್ರೀನಿಚ್‌ನಲ್ಲಿ ಮಧ್ಯರಾತ್ರಿ, ನಮಗೆ ಐದೂವರೆ. ಈ ಎಣಿಕೆಗೆ 32 ಬಿಟ್ ಜಾಗ ಇಟ್ಟ ಹಳೆಯ ಉಪಕರಣಗಳಲ್ಲಿ 2147483647ಕ್ಕೆ ಜಾಗ ಮುಗಿಯುತ್ತದೆ. ಮುಂದಿನ ಸೆಕೆಂಡಿಗೆ ಅವು 1901ರ ಡಿಸೆಂಬರ್ ತೋರಿಸುತ್ತವೆ. ಈಗಿನ ಹೆಚ್ಚಿನ ಕಂಪ್ಯೂಟರ್‌ಗಳು 64 ಬಿಟ್‌ನಲ್ಲಿ ಎಣಿಸುವುದರಿಂದ ಅವಕ್ಕೆ ಚಿಂತೆಯಿಲ್ಲ. ಗೋಡೆಯೊಳಗೋ ಯಂತ್ರದೊಳಗೋ ಕೂತು ಮರೆತುಹೋದ ಸಣ್ಣ ಪೆಟ್ಟಿಗೆಗಳದ್ದೇ ತಲೆನೋವು.

ಆ ಗಳಿಗೆ ಯಾವುದು ಅಂತ ಮಕ್ಕಳೇ ಕಂಡುಹಿಡಿಯಲಿ. ಸ್ಪ್ರೆಡ್‌ಶೀಟ್‌ನಲ್ಲಿ 2147483647 ಅನ್ನು ಒಂದು ದಿನದ ಸೆಕೆಂಡುಗಳಾದ 86400ರಿಂದ ಭಾಗಿಸಿ, 1970ರ ಜನವರಿ 1ಕ್ಕೆ ಕೂಡಿಸಬೇಕು. 2038ರ ಜನವರಿ 19, ಮಂಗಳವಾರ, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು ಬಂದರೆ ಲೆಕ್ಕ ಸರಿ. ನಸುಕಿನ 3:14 ಬಂದರೆ ಐದೂವರೆ ಗಂಟೆ ಸೇರಿಸುವುದನ್ನು ಮರೆತಿದ್ದಾರೆ ಅಂತ ಅರ್ಥ.